ಹಳೇ ಕಾರಿನ ಸ್ವಿಚ್: ಎಸೆಯುವ ಮುನ್ನ ಬಿಚ್ಚಿ ನೋಡಿ

ಹಳೇ ಕಾರಿನ ಹೆಡ್‌ಲೈಟ್ ಮಂಕಾದರೆ ಮೊದಲು ಬೈಸಿಕೊಳ್ಳುವುದು ಬ್ಯಾಟರಿ, ಆಮೇಲೆ ಬಲ್ಬು, ಅದಾದ ಮೇಲೆ ಡೈನಮೊ. ಮೂರನ್ನೂ ನೋಡಿಸಿದ ಮೇಲೂ ಬೆಳಕು ಬರದಿದ್ದರೆ ‘ಹಳೇ ಗಾಡಿ, ಇಷ್ಟೇ’ ಎಂದು ಸುಮ್ಮನಾಗುವವರೇ ಹೆಚ್ಚು. ಸ್ಟಿಯರಿಂಗ್ ಪಕ್ಕದ ಸ್ವಿಚ್ಚಿನ ಬುಡ ಮುಟ್ಟಿ, ಅದು ಬೆಚ್ಚಗಿದೆಯೇ ಎಂದು ನೋಡುವವರು ಅಪರೂಪ. ಬೆಚ್ಚಗಿದ್ದರೆ ಗುಟ್ಟು ಅಲ್ಲಿದೆ. ಬ್ಯಾಟರಿಯಿಂದ ಹೊರಟ ಶಕ್ತಿಯ ಒಂದು ಪಾಲು ಬಲ್ಬನ್ನು ತಲುಪುವ ಮೊದಲೇ ಆ ಜಾಗದಲ್ಲಿ ಶಾಖವಾಗಿ ಹೋಗುತ್ತಿದೆ.

ಲೆಕ್ಕ ಸರಳ. ಸಾಮಾನ್ಯ ಹ್ಯಾಲೊಜೆನ್ ಬಲ್ಬು 60/55 ವ್ಯಾಟಿನದು. ಹೈ ಬೀಮ್ ಹಾಕಿದರೆ ಎರಡೂ ಬಲ್ಬು ಸೇರಿ 120 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ 10 ಆಂಪಿಯರ್. ಈ ದಾರಿಯಲ್ಲಿ ಎಲ್ಲೋ ಒಂದು ಕಡೆ 0.1 ಓಮ್ ಪ್ರತಿರೋಧ ಸೇರಿಕೊಂಡರೂ ಹೆಚ್ಚುಕಡಿಮೆ 1 ವೋಲ್ಟ್ ಅಲ್ಲೇ ಉಳಿದುಬಿಡುತ್ತದೆ. ಹನ್ನೆರಡರಲ್ಲಿ ಒಂದು ಹೋದರೇನು ಎನ್ನುವ ಹಾಗಿಲ್ಲ. ತಂತುವಿನ ಬಲ್ಬಿನ ಬೆಳಕು ವೋಲ್ಟೇಜಿಗೆ ತಕ್ಕ ಪ್ರಮಾಣದಲ್ಲಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ವೇಗವಾಗಿ ಕುಸಿಯುತ್ತದೆ. 12 ವೋಲ್ಟ್ ಸಿಗಬೇಕಾದಲ್ಲಿ 11 ಸಿಕ್ಕರೆ ಬೆಳಕಿನ ಕಾಲು ಭಾಗ ಹೋದಂತೆ. ಇತ್ತ ಸ್ವಿಚ್ಚಿನೊಳಗೆ ಉಗುರಿನಷ್ಟು ಜಾಗದಲ್ಲಿ ಸುಮಾರು 10 ವ್ಯಾಟ್ ಶಾಖ ಹುಟ್ಟುತ್ತಿರುತ್ತದೆ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಮಳೆಗಾಲದ ರಾತ್ರಿ ತಿರುವು ಕಾಣದೆ ಒದ್ದಾಡುವ ಚಾಲಕನಿಗೆ ಈ 0.1 ಓಮ್ ಸಣ್ಣ ಸಂಗತಿಯಲ್ಲ.

ಸವೆದ ಸ್ವಿಚ್ಚುಗಳಲ್ಲಿ ಹೆಚ್ಚಿನವನ್ನು ಬಿಚ್ಚಿ, ಶುಚಿಮಾಡಿ, ಬಿಗಿಗೊಳಿಸಿ ಮತ್ತೆ ದುಡಿಸಬಹುದು. ಅದಕ್ಕೆ ದೊಡ್ಡ ಯಂತ್ರಗಳು ಬೇಡ. ಆದರೆ ಸ್ವಿಚ್ ಯಾಕೆ ಸುಟ್ಟಿತು ಎಂಬ ಕಾರಣವನ್ನೂ ಹುಡುಕಿ ತೆಗೆದಾಗಲೇ ದುರಸ್ತಿ ಪೂರ್ತಿಯಾಗುವುದು.

ಲೋಹ ಲೋಹವನ್ನು ಮುಟ್ಟುವ ಜಾಗ

ಸ್ವಿಚ್ ಎಂದರೆ ಎರಡು ಲೋಹದ ಮೈಗಳನ್ನು ಸೇರಿಸಿ, ಬೇಕಾದಾಗ ಬೇರೆ ಮಾಡುವ ಸಾಧನ. ನಯವಾಗಿ ಕಂಡರೂ ಆ ಮೈಗಳು ಒಳಗೆ ಏರುಪೇರಾಗಿರುತ್ತವೆ. ಅವು ಒಂದಕ್ಕೊಂದು ಒತ್ತಿಕೊಂಡಾಗ ನಿಜವಾಗಿ ತಾಗುವುದು ಕೆಲವೇ ಸೂಕ್ಷ್ಮ ಬಿಂದುಗಳಲ್ಲಿ. ಇಡೀ ವಿದ್ಯುತ್ ಆ ಬಿಂದುಗಳ ಮೂಲಕವೇ ನುಸುಳಬೇಕು. ಸ್ವೀಡನ್ನಿನ ವಿಜ್ಞಾನಿ ರಾಗ್ನರ್ ಹೋಮ್ ವಿದ್ಯುತ್ ಸಂಪರ್ಕಗಳ ಈ ಅಧ್ಯಯನಕ್ಕೇ ತಮ್ಮ ವೃತ್ತಿಯನ್ನು ಮೀಸಲಿಟ್ಟವರು. ಅವರ ಕೆಲಸದಿಂದ ಸ್ಪಷ್ಟವಾದದ್ದು ಇಷ್ಟು: ಸಂಪರ್ಕ ಎಷ್ಟು ಅಗಲವಾಗಿದೆ ಎನ್ನುವುದಕ್ಕಿಂತ ಎಷ್ಟು ಒತ್ತಡದಲ್ಲಿ ತಾಗಿದೆ, ನಡುವೆ ಎಂಥ ಪೊರೆ ಕೂತಿದೆ ಎನ್ನುವುದು ಮುಖ್ಯ.

ಒತ್ತಡ ಕೊಡುವುದು ಸ್ಪ್ರಿಂಗ್ ಅಥವಾ ಸ್ಪ್ರಿಂಗಿನಂತೆ ಬಾಗಿದ ಫಾಸ್ಫರ್ ಬ್ರಾಂಜ್ ಪಟ್ಟಿ. ಪೊರೆ ಕಟ್ಟುವುದು ಗಾಳಿ, ತೇವ, ಹಳೇ ಗ್ರೀಸು. ತಾಮ್ರ, ಹಿತ್ತಾಳೆಯ ಮೇಲೆ ಕೂರುವ ಆಕ್ಸೈಡು ವಿದ್ಯುತ್ತಿಗೆ ಅಡ್ಡಗಟ್ಟುತ್ತದೆ. ಬೆಳ್ಳಿಯ ಗುಣ ಬೇರೆ. ಅದರ ಮೇಲಿನ ಕಪ್ಪು ಬಹುಪಾಲು ಗಂಧಕದಿಂದ ಬಂದದ್ದು, ಮೆತ್ತಗಿರುತ್ತದೆ. ಸ್ವಿಚ್ ಉಜ್ಜಿಕೊಂಡು ಸರಿಯುವಾಗ ತಕ್ಕಮಟ್ಟಿಗೆ ತಾನೇ ಒರೆಸಿಹೋಗುತ್ತದೆ. ಒಳ್ಳೆಯ ಸ್ವಿಚ್ಚುಗಳ ಪಾಯಿಂಟಿಗೆ, ಅಂದರೆ ಲೋಹಗಳು ತಾಗುವ ಜಾಗಕ್ಕೆ, ಬೆಳ್ಳಿ ಹಾಕಲು ಇದೂ ಒಂದು ಕಾರಣ.

ಒಮ್ಮೆ ಪ್ರತಿರೋಧ ಏರಿತೆಂದರೆ ಕೆಡುಕು ತಾನಾಗಿ ಬೆಳೆಯುತ್ತದೆ. ಪ್ರತಿರೋಧದಿಂದ ಶಾಖ, ಶಾಖದಿಂದ ಪಟ್ಟಿಯ ಬಿಗಿ ಸಡಿಲ, ಸಡಿಲಾದಾಗ ಒತ್ತಡ ಕಡಿಮೆ, ಮತ್ತೆ ಪ್ರತಿರೋಧ ಇನ್ನಷ್ಟು. ವರ್ಷಗಟ್ಟಲೆ ಚೆನ್ನಾಗಿದ್ದ ಸ್ವಿಚ್ ಕೊನೆಯಲ್ಲಿ ಕೆಲವೇ ವಾರಗಳಲ್ಲಿ ಕೈಕೊಡುವುದು ಹೀಗೆ.

ಹಾಕುವಾಗಿನ ಪೆಟ್ಟು, ತೆಗೆಯುವಾಗಿನ ಕಿಡಿ

ಮನೆಯ ವಿದ್ಯುತ್ ಎಸಿ. 50 ಹರ್ಟ್ಸ್‌ನಲ್ಲಿ ಅದು ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುವುದರಿಂದ ಸ್ವಿಚ್ ಆರಿಸುವಾಗಿನ ಕಿಡಿಗೆ ತಾನೇ ನಂದುವ ಅವಕಾಶ ಸಿಗುತ್ತದೆ. ಕಾರಿನ ಡಿಸಿಯಲ್ಲಿ ಆ ಬಿಡುವಿಲ್ಲ. ಬರೀ ಬಲ್ಬಿನ ಲೋಡಿದ್ದರೆ 12 ವೋಲ್ಟಿಗೆ ಕಿಡಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಫ್ಯಾನು, ವೈಪರ್ ಮೋಟರು, ಹಾರ್ನ್ ಹಾಗಲ್ಲ. ಅವುಗಳ ಸುರುಳಿಯಲ್ಲಿ ಕೂಡಿಟ್ಟ ಶಕ್ತಿ, ಸ್ವಿಚ್ ಬಿಡುವ ಕ್ಷಣದಲ್ಲಿ 12ಕ್ಕಿಂತ ಎಷ್ಟೋ ಹೆಚ್ಚಿನ ವೋಲ್ಟೇಜಾಗಿ ಚಿಮ್ಮಿ ಪಾಯಿಂಟನ್ನು ಸುಡುತ್ತದೆ.

ಬಲ್ಬು ಹಾನಿ ಮಾಡುವುದು ಹಾಕುವಾಗ. ತಣ್ಣಗಿರುವ ತಂತುವಿನ ಪ್ರತಿರೋಧ ಉರಿಯುವಾಗಿನ ಪ್ರತಿರೋಧದ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿರುತ್ತದೆ. ಹೀಗಾಗಿ ಹಾಕಿದ ಕ್ಷಣ ಹಲವು ಪಟ್ಟು ವಿದ್ಯುತ್ ನುಗ್ಗುತ್ತದೆ. ಅದೇ ಹೊತ್ತಿಗೆ ಪಾಯಿಂಟುಗಳು ಬಡಿದು ಪುಟಿಯುತ್ತಿರುತ್ತವೆ. ಸಣ್ಣ ಸಣ್ಣ ಕರಗುವಿಕೆ ನಡೆದು ಮೈ ಒರಟಾಗುತ್ತದೆ. ಡಿಸಿಯ ಇನ್ನೊಂದು ಗುರುತೂ ಉಂಟು: ಲೋಹ ಒಂದೇ ದಿಕ್ಕಿನಲ್ಲಿ ವರ್ಗವಾಗುವುದರಿಂದ ಒಂದು ಪಾಯಿಂಟಿನಲ್ಲಿ ಗುಳಿ, ಎದುರಿನದರಲ್ಲಿ ಗುಬ್ಬಿ ಏಳುತ್ತದೆ. ಭೂತಗನ್ನಡಿ ಹಿಡಿದರೆ ಇದು ಚೆನ್ನಾಗಿ ಕಾಣುತ್ತದೆ.

ಕಾರಿಗೊಂದು, ಊರಿಗೊಂದು ರೋಗ

ನಮ್ಮ ರಸ್ತೆಗಳ ಹಳೇ ಕಾರುಗಳಲ್ಲಿ ಈ ಭಾರವೆಲ್ಲ ನೇರವಾಗಿ ಸ್ವಿಚ್ಚಿನ ಮೇಲೆಯೇ ಬೀಳುತ್ತಿತ್ತು. ಮೋರಿಸ್ ಆಕ್ಸ್‌ಫರ್ಡ್ ವಿನ್ಯಾಸದಿಂದ ಬಂದು 2014ರವರೆಗೆ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರ್, ಫಿಯೆಟ್ 1100ರ ಮೂಲದ ಪ್ರೀಮಿಯರ್ ಪದ್ಮಿನಿ, 1983ರ ಕೊನೆಯಲ್ಲಿ ರಸ್ತೆಗಿಳಿದ ಮಾರುತಿ 800, ಮಲೆನಾಡಿನ ಕಾಫಿ ತೋಟಗಳಲ್ಲಿ ದುಡಿದ ಮಹೀಂದ್ರ ಜೀಪು. ಇವುಗಳ ಮಾಲೀಕರು ಹೆಚ್ಚು ಬೆಳಕಿನ ಆಸೆಗೆ 100/90 ವ್ಯಾಟಿನ ಬಲ್ಬು ಹಾಕಿಸಿದಾಗ ಹೈ ಬೀಮಿನ ಹೊರೆ 10 ಆಂಪಿಯರಿನಿಂದ 16ರ ಮೇಲಕ್ಕೆ ಹೋಯಿತು. ಸ್ವಿಚ್ಚು, ವೈರು ಮಾತ್ರ ಹಳೆಯವೇ ಉಳಿದವು. ಸ್ಟಿಯರಿಂಗ್ ಪಕ್ಕದ ಸುಟ್ಟು ಕಂದಿದ ಕಾಂಬಿನೇಷನ್ ಸ್ವಿಚ್ಚುಗಳಲ್ಲಿ ಬಹಳಷ್ಟರ ಕಥೆ ಇದು.

ಹವೆಯೂ ತನ್ನ ಪಾಲು ಪಡೆಯುತ್ತದೆ. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ ಹಿತ್ತಾಳೆ ಟರ್ಮಿನಲ್ಲಿಗೆ ಹಸಿರು ಕಿಲುಬು ಹಿಡಿಯುತ್ತದೆ. ರಾಯಚೂರು, ಕಲಬುರಗಿಯ ಬಿಸಿಲಲ್ಲಿ ಗ್ರೀಸು ಒಣಗಿ, ಅದಕ್ಕೆ ದೂಳು ಬೆರೆತು ಪಾಯಿಂಟನ್ನು ತೇಯುತ್ತದೆ. ಹಳೇ ಜೀಪುಗಳಲ್ಲಿ ಡಿಪ್ಪರ್ ಸ್ವಿಚ್ ಎಡಗಾಲಿನ ಅಡಿಯಲ್ಲಿ, ನೆಲದ ಮೇಲೆ ಇರುತ್ತದೆ. ಚಿಕ್ಕಮಗಳೂರಿನ ಮಳೆಯಲ್ಲಿ ಒದ್ದೆ ಬೂಟಿನ ಕೆಸರೆಲ್ಲ ಅದರ ತಲೆಯ ಮೇಲೆ. ಊರು ಯಾವುದೆಂದು ಕೇಳಿಯೇ ಅನುಭವಿ ಎಲೆಕ್ಟ್ರಿಷಿಯನ್ ಅರ್ಧ ರೋಗ ಊಹಿಸಬಲ್ಲ.

ಬಿಚ್ಚುವ ಮೊದಲು ಅಳೆಯಿರಿ

ಅನುಮಾನ ಬಂದೊಡನೆ ಸ್ಕ್ರೂಡ್ರೈವರ್ ಹಿಡಿಯುವುದಕ್ಕಿಂತ ಮಲ್ಟಿಮೀಟರ್ ಹಿಡಿಯುವುದು ಲೇಸು. ಹಲವರು ಓಮ್ ಇಟ್ಟು ನೋಡಿ ‘ಕಾಂಟ್ಯಾಕ್ಟ್ ಚೆನ್ನಾಗಿದೆ’ ಎನ್ನುತ್ತಾರೆ. ಮೀಟರು ಆಗ ಕಳಿಸುವುದು ಅತ್ಯಲ್ಪ ವಿದ್ಯುತ್. 10 ಆಂಪಿಯರ್ ಹೊರುವಾಗಿನ ಕಷ್ಟ ಅದಕ್ಕೆ ಗೊತ್ತಾಗುವುದಿಲ್ಲ. ಸರಿಯಾದ ಕ್ರಮವೆಂದರೆ ದೀಪ ಉರಿಯುತ್ತಿರುವಾಗಲೇ ವೋಲ್ಟೇಜ್ ಕುಸಿತ ಅಳೆಯುವುದು. ಮೀಟರನ್ನು ಡಿಸಿ ವೋಲ್ಟಿಗೆ ತಿರುಗಿಸಿ, ಒಂದು ಮೊನೆಯನ್ನು ಸ್ವಿಚ್ಚಿಗೆ ವಿದ್ಯುತ್ ಬರುವ ಟರ್ಮಿನಲ್ಲಿಗೂ ಇನ್ನೊಂದನ್ನು ಹೊರಡುವ ಟರ್ಮಿನಲ್ಲಿಗೂ ತಾಗಿಸಿ. 0.1, 0.2 ವೋಲ್ಟಿನೊಳಗೆ ತೋರಿಸಿದರೆ ಸ್ವಿಚ್ ಗಟ್ಟಿಯಾಗಿದೆ. ಅರ್ಧ ವೋಲ್ಟ್ ದಾಟಿದರೆ ಬಿಚ್ಚಲೇಬೇಕು. ಇದೇ ಪರೀಕ್ಷೆಯನ್ನು ಬಲ್ಬಿನ ಅರ್ಥ್ ವೈರಿಗೂ ಬಾಡಿಗೂ ನಡುವೆ ಮಾಡಿ ನೋಡಿ. ತುಕ್ಕು ಹಿಡಿದ ಅರ್ಥ್ ಮಾಡಿದ ತಪ್ಪಿಗೆ ಸ್ವಿಚ್ ದಂಡ ತೆರುವುದು ತೀರ ಸಾಮಾನ್ಯ.

ಮೀಟರಿಲ್ಲದೆಯೂ ಕೆಲವು ಸೂಚನೆ ಸಿಗುತ್ತವೆ. ಹಳೇ ಬಿಸಿತಂತಿಯ ಫ್ಲ್ಯಾಷರ್ ಇರುವ ಕಾರಿನಲ್ಲಿ ಇಂಡಿಕೇಟರ್ ನಿಧಾನವಾಗಿ ಮಿಣುಕಿದರೆ ದಾರಿಯಲ್ಲೆಲ್ಲೋ ಪ್ರತಿರೋಧ ಸೇರಿದೆ. ಆ ಫ್ಲ್ಯಾಷರಿನ ವೇಗ ಅದರ ಮೂಲಕ ಹರಿಯುವ ವಿದ್ಯುತ್ತನ್ನೇ ನಂಬಿದೆ. ಹಳ್ಳಕ್ಕೆ ಇಳಿದಾಗಲೆಲ್ಲ ಎಂಜಿನ್ ಒಂದು ಕ್ಷಣ ಕೆಮ್ಮಿದರೆ ಇಗ್ನಿಷನ್ ಸ್ವಿಚ್ಚಿನ ಮೇಲೆ ಕಣ್ಣಿಡಿ. ಮನೆಯ ಬೀಗದ ಕೈ, ಗೋದಾಮಿನ ಬೀಗದ ಕೈ ಎಲ್ಲವನ್ನೂ ಕಾರಿನ ಕೀಲಿಗೇ ನೇತುಹಾಕುವ ಅಭ್ಯಾಸ ಅದನ್ನು ಬೇಗ ಸವೆಸುತ್ತದೆ.

ಬಿಚ್ಚುವುದು, ತೊಳೆಯುವುದು, ಕೂಡಿಸುವುದು

ಮೊದಲ ಕೆಲಸ ಬ್ಯಾಟರಿಯ ಅರ್ಥ್ ಕಡೆಯ ತಂತಿ ಕಳಚುವುದು. ಎರಡನೇ ಮಹಾಯುದ್ಧದ ನಂತರದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಪಾಸಿಟಿವ್ ಕಡೆಯೇ ಅರ್ಥ್ ಆಗಿರುತ್ತಿತ್ತು. ಆದ್ದರಿಂದ ಯಾವುದು ಅರ್ಥ್ ಎಂದು ಕಣ್ಣಾರೆ ನೋಡಿಯೇ ಕಳಚಬೇಕು. ಆಮೇಲೆ ಫೋನಿನಲ್ಲಿ ಫೋಟೊ ತೆಗೆದು ಪ್ರತಿ ವೈರಿಗೂ ಚೀಟಿ ಅಂಟಿಸಿ. ಬ್ರಿಟಿಷ್ ಕಾರುಗಳ ಲೂಕಾಸ್ ಪದ್ಧತಿಯ ವೈರಿಂಗಿನಲ್ಲಿ ಬಣ್ಣಕ್ಕೊಂದು ಅರ್ಥವಿದೆ: ಕಂದು ಬಣ್ಣ ಸದಾ ಬ್ಯಾಟರಿಯಿಂದ ಬರುವುದು, ಬಿಳಿ ಇಗ್ನಿಷನ್ನಿನದು, ನೀಲಿ ಹೆಡ್‌ಲೈಟಿನದು, ಅದರಲ್ಲಿ ಬಿಳಿ ಗೆರೆಯಿದ್ದರೆ ಹೈ ಬೀಮ್, ಕೆಂಪು ಗೆರೆಯಿದ್ದರೆ ಡಿಪ್, ಕಪ್ಪು ಅರ್ಥ್. ಆದರೆ ದಶಕಗಳಲ್ಲಿ ಎಷ್ಟೋ ಕೈಗಳು ಸಿಕ್ಕ ಬಣ್ಣದ ವೈರು ಜೋಡಿಸಿರುತ್ತವೆ. ಬಣ್ಣಕ್ಕಿಂತ ಚೀಟಿಯನ್ನೇ ನಂಬಿ.

ಸ್ವಿಚ್ಚಿನ ‘ಟಕ್’ ಸದ್ದಿನ ಹಿಂದೆ ಒಂದು ಪುಟ್ಟ ಉಕ್ಕಿನ ಗುಂಡು, ಅದರ ಬೆನ್ನಿಗೊಂದು ಸ್ಪ್ರಿಂಗ್ ಇರುತ್ತದೆ. ಮುಚ್ಚಳ ತೆಗೆದ ಕ್ಷಣ ಎರಡೂ ಹಾರಿ ಮೂಲೆ ಸೇರುತ್ತವೆ. ಅದಕ್ಕೇ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ಬಿಚ್ಚುವುದು ಒಳ್ಳೆಯ ಉಪಾಯ. ತಗಡಿನ ಕಿವಿಗಳನ್ನು ಮಡಚಿ ಮುಚ್ಚಿದ ಸ್ವಿಚ್ಚಾದರೆ ಅವನ್ನು ನಿಧಾನವಾಗಿ, ಬೇಕಾದಷ್ಟೇ ಎತ್ತಿ. ಎರಡು ಮೂರು ಸಲ ಮಡಚಿದರೆ ಅವು ಮುರಿಯುತ್ತವೆ.

ಹಳೇ ಗ್ರೀಸು ತೊಳೆಯಲು ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಪೆಟ್ರೋಲು, ಥಿನ್ನರು ಪ್ಲಾಸ್ಟಿಕ್ಕನ್ನು ಕೆಡಿಸಬಹುದು, ಬೆಂಕಿಯ ಭಯ ಬೇರೆ. ಪಾಯಿಂಟನ್ನು ಉಪ್ಪುಕಾಗದದಿಂದ ತಿಕ್ಕಿ ಮಿರಮಿರ ಹೊಳೆಯಿಸುವ ಹುಮ್ಮಸ್ಸು ಇಲ್ಲಿ ದೊಡ್ಡ ಶತ್ರು. ಎಷ್ಟೋ ಸ್ವಿಚ್ಚುಗಳಲ್ಲಿ ಬೆಳ್ಳಿ ತೆಳು ಲೇಪನವಷ್ಟೆ. ಅದು ಹೋದರೆ ಕೆಳಗಿನ ಹಿತ್ತಾಳೆ ಕೆಲವೇ ತಿಂಗಳಲ್ಲಿ ಮತ್ತೆ ಕಪ್ಪಾಗುತ್ತದೆ. ಮೊದಲು ಆಲ್ಕೊಹಾಲಿನಲ್ಲಿ ಅದ್ದಿದ ದಪ್ಪ ಕಾಗದವನ್ನು ಪಾಯಿಂಟುಗಳ ನಡುವೆ ಎಳೆದು ನೋಡಿ. ಗುಳಿ, ಗುಬ್ಬಿ ಎದ್ದಿದ್ದರೆ ಮಾತ್ರ ಅತಿ ನಯವಾದ ಕಾಗದದಿಂದ ಗುಬ್ಬಿಯ ತಲೆಯನ್ನಷ್ಟೇ ಸವರಿ. ಗುಳಿಯ ತಳ ಸಿಗುವವರೆಗೆ ತೇಯುವುದು ಬೇಡ.

ಟರ್ಮಿನಲ್ಲಿನ ಕಿಲುಬಿಗೆ, ಮನೆಯ ಹಿತ್ತಾಳೆ ಬಿಂದಿಗೆ ತಿಕ್ಕುವ ಹಾಗೆ ಹುಣಸೆಹಣ್ಣು ಹಚ್ಚುವವರಿದ್ದಾರೆ. ಕಿಲುಬು ಹೋಗುವುದು ನಿಜ. ಆದರೆ ಹುಳಿಯ ಅಂಶ ಸಂದಿಯಲ್ಲಿ ಉಳಿದರೆ ಒಳಗೊಳಗೇ ತಿನ್ನುತ್ತದೆ. ಬಿಡಿಯಾಗಿ ಕಳಚಿದ ಲೋಹದ ಭಾಗಕ್ಕೆ ಮಾತ್ರ ಹಚ್ಚಿ, ನೀರಿನಲ್ಲಿ ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಬೇಕು.

ಸಡಿಲಾದ ಪಟ್ಟಿಯನ್ನು ಕೂದಲೆಳೆಯಷ್ಟು ಬಾಗಿಸಿದರೆ ಒತ್ತಡ ಮರಳುತ್ತದೆ. ಸುಟ್ಟು ಬಣ್ಣಗೆಟ್ಟ ಪಟ್ಟಿಗೆ ಸ್ಪ್ರಿಂಗಿನ ಗುಣವೇ ಹೋಗಿರುವುದರಿಂದ ಬಾಗಿಸಿ ಪ್ರಯೋಜನವಿಲ್ಲ, ಅದನ್ನು ಬದಲಿಸಲೇಬೇಕು. ಪಾಯಿಂಟೇ ಕರಗಿಹೋಗಿದ್ದರೆ ಕೆಟ್ಟ ರಿಲೇಯಿಂದ ಬೆಳ್ಳಿಯ ಪಾಯಿಂಟ್ ತೆಗೆದು ಕೂರಿಸುವ ಕೈಚಳಕ ನಮ್ಮ ಎಲೆಕ್ಟ್ರಿಷಿಯನ್ನರಲ್ಲಿದೆ. ಒಂದು ಎಚ್ಚರ: ಹಳೇ ರಿಲೇಗಳ ಬೆಳ್ಳಿಯಲ್ಲಿ ಕ್ಯಾಡ್ಮಿಯಂ ಆಕ್ಸೈಡ್ ಬೆರೆತಿರಬಹುದು. ಅದರ ಹೊಗೆ, ಪುಡಿ ಎರಡೂ ವಿಷ. ಕೆಂಪಗೆ ಕಾಯಿಸುವುದು, ಅರದಿಂದ ತೇಯುವುದು ಕೂಡದು.

ಕೊನೆಗೆ ಗ್ರೀಸು. ಜಾರುವ ಪ್ಲಾಸ್ಟಿಕ್ ಭಾಗಕ್ಕೆ, ಗುಂಡು ಕೂರುವ ಗುಳಿಗೆ ತೆಳುವಾಗಿ ಸವರಿದರೆ ಸಾಕು. ಕಿಡಿ ಹಾರುವ ಪಾಯಿಂಟಿನ ಬಳಿ ಸಿಲಿಕೋನ್ ಗ್ರೀಸು ಬೇಡ. ಕಿಡಿಯ ಶಾಖಕ್ಕೆ ಅದು ಸಿಲಿಕಾ ಆಗಿ, ಗಾಜಿನಂಥ ನಿರೋಧಕ ಪೊರೆ ಕಟ್ಟುತ್ತದೆ.

ಕಣ್ಣಿಗೆ ಬೀಳದ ರಿವೆಟ್

ಎಲ್ಲ ಶುಚಿಮಾಡಿಯೂ ಸ್ವಿಚ್ ಬಿಸಿಯಾಗುತ್ತಿದೆಯೇ? ಆಗ ರಿವೆಟ್ ನೋಡಿ. ಹೊರಗಿನ ಟರ್ಮಿನಲ್ಲಿಗೂ ಒಳಗಿನ ಪಾಯಿಂಟಿಗೂ ಸಂಬಂಧ ಕಲ್ಪಿಸುವುದು ಬೇಕಲೈಟಿನ ಅಥವಾ ನೈಲಾನಿನ ತಳದ ಮೂಲಕ ಹಾದ ಒಂದು ಸಣ್ಣ ಹಿತ್ತಾಳೆ ರಿವೆಟ್. ಶಾಖಕ್ಕೆ ತಳ ಕುಗ್ಗಿ ರಿವೆಟ್ ಸಡಿಲಾಗುತ್ತದೆ, ಅದರ ಅಡಿಯಲ್ಲಿ ಆಕ್ಸೈಡು ಬೆಳೆಯುತ್ತದೆ. ಟರ್ಮಿನಲ್ಲನ್ನು ಬೆರಳಲ್ಲಿ ಅಲುಗಾಡಿಸಿದರೆ ಕದಲುತ್ತದೆಯೇ ನೋಡಿ. ಕದಲಿದರೆ ಕೆಳಗೆ ಆಸರೆ ಕೊಟ್ಟು ಮೆಲ್ಲಗೆ ಬಡಿದು ಬಿಗಿಗೊಳಿಸಬೇಕು. ನಂತರ ರಿವೆಟ್ಟಿನ ತಲೆಗೂ ಟರ್ಮಿನಲ್ಲಿಗೂ ಸೇರಿಸಿ ಬೇಗ ಒಂದು ಬೆಸುಗೆ ಹಾಕಿದರೆ ವಿದ್ಯುತ್ತಿಗೆ ಕಾಯಂ ದಾರಿ ಸಿಗುತ್ತದೆ. ತಳ ನೈಲಾನಿನದಾದರೆ ಸುತ್ತ ಒದ್ದೆ ಬಟ್ಟೆಯಿಟ್ಟು, ಕಾವು ಹರಡುವ ಮೊದಲೇ ಕೆಲಸ ಮುಗಿಸಬೇಕು. ಪಾಯಿಂಟ್ ತಿಕ್ಕಿ ಬಿಟ್ಟ ದುರಸ್ತಿಗೂ ಬಾಳುವ ದುರಸ್ತಿಗೂ ಇರುವ ವ್ಯತ್ಯಾಸ ಹೆಚ್ಚಾಗಿ ಈ ಒಂದು ರಿವೆಟ್ಟಿನಲ್ಲಿದೆ.

ಭಾರ ಇಳಿಸುವ ರಿಲೇ

ಇಷ್ಟಾದ ಮೇಲೂ 10 ಆಂಪಿಯರಿನ ಹೊರೆ ಅದೇ ಮುದಿ ಪಾಯಿಂಟಿನ ಮೇಲೆ ಬಿದ್ದರೆ ಕಾಲ ಕಳೆದಂತೆ ಮತ್ತೆ ಅದೇ ಗತಿ. ಇದಕ್ಕೆ ಪರಿಹಾರ ರಿಲೇ, ಅಂದರೆ ಅಲ್ಪ ವಿದ್ಯುತ್ತಿನಿಂದ ದೊಡ್ಡ ಹೊರೆಯನ್ನು ಹಾಕಿ ತೆಗೆಯುವ ಸ್ವಿಚ್. ಬ್ಯಾಟರಿಯಿಂದ ದಪ್ಪ ವೈರನ್ನು ಫ್ಯೂಸಿನ ಮೂಲಕ ರಿಲೇಯ 30ನೇ ಟರ್ಮಿನಲ್ಲಿಗೆ, 87ರಿಂದ ಬಲ್ಬಿಗೆ ಎಳೆಯಬೇಕು. ಸ್ವಿಚ್ಚಿನಿಂದ ಬರುವ ಹಳೇ ವೈರು 86ಕ್ಕೆ, 85 ಅರ್ಥಿಗೆ. ಹೈ ಬೀಮಿಗೊಂದು, ಡಿಪ್ಪಿಗೊಂದು ರಿಲೇ ಬೇಕು. ಆಗ ಸ್ವಿಚ್ ಹೊರುವುದು ರಿಲೇ ಸುರುಳಿಯ ಸುಮಾರು 0.2 ಆಂಪಿಯರ್ ಮಾತ್ರ. ಸ್ವಿಚ್ ತಣ್ಣಗಿರುತ್ತದೆ, ಬಲ್ಬಿಗೆ ಪೂರ್ತಿ ವೋಲ್ಟೇಜ್ ಸಿಗುತ್ತದೆ. ಹೆಚ್ಚು ವ್ಯಾಟಿನ ಬಲ್ಬು ಬೇಕೆನ್ನುತ್ತಿದ್ದವರಿಗೆ 60/55 ಬಲ್ಬೇ ಸಾಕೆನಿಸುತ್ತದೆ.

ಹಳೆಯ ಅನೇಕ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ಹೆಡ್‌ಲೈಟ್ ದಾರಿಗೆ ಫ್ಯೂಸೇ ಇರುತ್ತಿರಲಿಲ್ಲ. ರಿಲೇ ಹಾಕುವಾಗ ಎಡಕ್ಕೊಂದು, ಬಲಕ್ಕೊಂದು ಬೇರೆ ಫ್ಯೂಸ್ ಕೊಟ್ಟರೆ ಒಂದು ಸುಟ್ಟರೂ ಇನ್ನೊಂದು ದೀಪ ದಾರಿ ತೋರಿಸುತ್ತದೆ. ಡ್ಯಾಶ್‌ಬೋರ್ಡಿಗೆ ರಂಧ್ರ ಕೊರೆಯದೆ, ಮೂಲ ವೈರನ್ನು ಕತ್ತರಿಸದೆ ಇದನ್ನು ಮಾಡಬಹುದು. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿ, 50 ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು ಅವಕಾಶ ಕೊಟ್ಟಿದೆ. ಅಂಥ ಕಾರಿನ ಮಾಲೀಕರಿಗೆ ಮೂಲ ಸ್ವಿಚ್ಚನ್ನು ಅದರ ಜಾಗದಲ್ಲೇ ದುಡಿಸುವ ಈ ದಾರಿ ಇನ್ನೂ ಬೆಲೆಯುಳ್ಳದ್ದು.

ಕೆಲವನ್ನು ದುರಸ್ತಿ ಮಾಡಬಾರದು. ಹಳೇ ಕಾರುಗಳ ಬ್ರೇಕ್ ಲೈಟ್ ಸ್ವಿಚ್ ಬ್ರೇಕ್ ಆಯಿಲಿನ ಒತ್ತಡದಿಂದ ಕೆಲಸ ಮಾಡುವಂಥದ್ದಾದರೆ ಹೊಸದೇ ಹಾಕಬೇಕು, ಹಾಕಿದ ಮೇಲೆ ಬ್ರೇಕಿನ ಗಾಳಿ ತೆಗೆಯಬೇಕು. ಅಲ್ಲಿ ಸೋರಿಕೆಯಾದರೆ ಹೋಗುವುದು ದೀಪವಲ್ಲ, ಬ್ರೇಕು. ಬಿರುಕು ಬಿಟ್ಟ ಬೇಕಲೈಟಿಗೂ, ಕಪ್ಪಗೆ ಕರಕಲಾದ ತಳಕ್ಕೂ ಮರುಜನ್ಮವಿಲ್ಲ. ಆ ಕರಕಲಿನಲ್ಲೇ ವಿದ್ಯುತ್ ಹರಿಯಬಲ್ಲುದು. ಹೊಸದು ಕೊಳ್ಳಲೇಬೇಕಾದಾಗ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗೆ ಒಂದು ಪುಟ್ಟ ಅಯಸ್ಕಾಂತ ಒಯ್ಯಿರಿ. ಹಿತ್ತಾಳೆ, ತಾಮ್ರ, ಬೆಳ್ಳಿಗೆ ಅದು ಅಂಟುವುದಿಲ್ಲ. ಟರ್ಮಿನಲ್ಲಿಗೆ ಗಟ್ಟಿಯಾಗಿ ಅಂಟಿಕೊಂಡರೆ ಮೇಲಿನದು ಬರೀ ಬಣ್ಣ, ಒಳಗಿರುವುದು ಕಬ್ಬಿಣ.

ಕೂಲಿಯ ಮಾತು

ಸ್ಕ್ರೂ, ತಗಡಿನ ಕಿವಿ ಇದ್ದ ಹಳೇ ಸ್ವಿಚ್ಚುಗಳನ್ನು ತಯಾರಿಸಿದವರು ಬಿಚ್ಚುವವರಿಗೂ ದಾರಿ ಬಿಟ್ಟಿದ್ದರು. ಈಗಿನ ಹಲವು ಸ್ವಿಚ್ಚುಗಳು ಬಿಚ್ಚಲಾಗದಂತೆ ಮುಚ್ಚಿಬರುತ್ತವೆ; ಒಂದು ಪಾಯಿಂಟ್ ಕೆಟ್ಟರೂ ಇಡೀ ಜೋಡಣೆ ಕೊಳ್ಳಬೇಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿದಾಗ ಆಯ್ದುಕೊಂಡ ಕ್ಷೇತ್ರಗಳಲ್ಲಿ ವಾಹನಗಳೂ ಸೇರಿದ್ದವು. ಕೈಪಿಡಿ ಸಿಗಬೇಕೆಂಬ ಬೇಡಿಕೆಯ ಜೊತೆಗೆ ಸ್ಪ್ರಿಂಗು, ಪಟ್ಟಿ, ಪಾಯಿಂಟುಗಳೂ ಬಿಡಿಯಾಗಿ ಸಿಗಬೇಕೆಂದು ನಾವು ಕೇಳಬೇಕು.

ಕಾನೂನಿಗಿಂತ ಮೊದಲು ನಮ್ಮ ಕೈಯಲ್ಲೇ ಇರುವ ಕೆಲಸವೊಂದಿದೆ. ಹೊಸ ಸ್ವಿಚ್ಚಿಗೆ ಮರುಮಾತಿಲ್ಲದೆ ದುಡ್ಡು ಎಣಿಸುವ ನಾವು, ಹಳೆಯದನ್ನು ಎರಡು ಗಂಟೆ ಕೂತು ಬಿಚ್ಚಿ, ತೊಳೆದು, ರಿವೆಟ್ ಬಿಗಿದು, ವೋಲ್ಟೇಜ್ ಅಳೆದು ಕೊಟ್ಟವರ ಮುಂದೆ ಚೌಕಾಸಿಗೆ ನಿಲ್ಲುತ್ತೇವೆ. ‘ಬರೀ ಕ್ಲೀನ್ ಮಾಡಿದ್ದಕ್ಕೆ ಇಷ್ಟಾ?’ ಎಂಬ ಮಾತು ಎಷ್ಟೋ ಒಳ್ಳೆಯ ಕೈಗಳನ್ನು ದುರಸ್ತಿ ಬಿಟ್ಟು ಬಿಡಿಭಾಗ ಮಾರುವ ಕಡೆಗೆ ತಳ್ಳಿದೆ. ಮುಂದಿನ ಸಲ ‘ಹೊಸದು ಹಾಕೋಣ ಸಾರ್’ ಎಂದರೆ, ಮೊದಲು ವೋಲ್ಟೇಜ್ ಕುಸಿತ ಅಳೆದು ತೋರಿಸಿ ಎಂದು ಕೇಳಿ. ಅಳೆದು, ಕಾರಣ ಕಂಡುಹಿಡಿದು, ಸರಿಮಾಡಿ ಕೊಟ್ಟವರಿಗೆ ಹೊಸ ಸ್ವಿಚ್ಚಿನ ಬೆಲೆಯಷ್ಟೇ ಕೂಲಿಯನ್ನು ಸಂತೋಷದಿಂದ ಕೊಡಿ. ಆ ವಿದ್ಯೆ ಮುಂದಿನ ತಲೆಮಾರಿಗೆ ದಾಟುವುದು ಅದರಿಂದ ಹೊಟ್ಟೆ ತುಂಬಿದಾಗ ಮಾತ್ರ.